ದಾಳ ನಮ್ಮದು, ನಿಯಮ ಯಾರದು?

2022ರ ಡಿಸೆಂಬರ್‌ನಲ್ಲಿ ಅಮೆರಿಕದ ಆಟಿಕೆ ಕಂಪನಿ ಹಾಸ್‌ಬ್ರೋದ ಮುಖ್ಯಸ್ಥರು ಹೂಡಿಕೆದಾರರ ಮುಂದೆ ಒಂದು ಲೆಕ್ಕ ಇಟ್ಟರು. ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಆಟದಿಂದ ಬರಬೇಕಾದಷ್ಟು ಹಣ ಬರುತ್ತಿಲ್ಲ. ಅದನ್ನು ಆಡುವವರಲ್ಲಿ ಗೇಮ್ ಮಾಸ್ಟರ್‌ಗಳು ಸುಮಾರು ಶೇ 20ರಷ್ಟೇ, ಆದರೆ ದುಡ್ಡು ಖರ್ಚು ಮಾಡುವವರಲ್ಲಿ ಅವರ ಪಾಲೇ ದೊಡ್ಡದು ಎಂಬುದು ಅವರ ಮಾತಿನ ಸಾರ. ಆ ಶೇ 20ರೊಳಗೆ ನಾನೂ ಬರುತ್ತೇನೆ. ಡಾಲರ್ ಬೆಲೆಯ ಪುಸ್ತಕ ಕೊಳ್ಳುವ ಶಕ್ತಿ ಇಲ್ಲದ್ದರಿಂದ ಉಚಿತವಾಗಿ ಸಿಗುವ ನಿಯಮಗಳಲ್ಲೇ ಹಾಸ್ಟೆಲ್‌ನಲ್ಲಿ ಆಟ ನಡೆಸುತ್ತೇನೆ. ಆ ನಿಯಮಗಳು ಇವತ್ತಿಗೂ ಉಚಿತವಾಗಿ ಉಳಿದಿರುವುದರ ಹಿಂದೆ ಒಂದು ಜಗಳದ ಕಥೆ ಇದೆ.

ಮೊದಲು ಆಟ ಏನೆಂದು ಹೇಳಿಬಿಡುತ್ತೇನೆ. ಬೋರ್ಡ್ ಬೇಡ, ಮೊಬೈಲ್ ಬೇಡ. ಗೇಮ್ ಮಾಸ್ಟರ್ ಒಂದು ಲೋಕವನ್ನು ಮಾತಿನಲ್ಲೇ ಕಟ್ಟುತ್ತಾನೆ: ಪಾಳುಬಿದ್ದ ಕೋಟೆ, ಒಳಗಿನಿಂದ ಹೊಗೆ ಬರುತ್ತಿದೆ, ಏನು ಮಾಡುತ್ತೀರಿ? ಉಳಿದವರು ಒಂದೊಂದು ಪಾತ್ರವಾಗಿ ಉತ್ತರ ಕೊಡುತ್ತಾರೆ. ಮಾಡಿದ ಸಾಹಸ ಫಲಿಸಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಕರಾವಳಿಯವರಿಗೆ ತಾಳಮದ್ದಲೆ ಎಂದರೆ ಬೇಗ ಅರ್ಥವಾದೀತು. ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿಗಳ ಮಾತು ಕೂತಲ್ಲೇ ಹುಟ್ಟಬೇಕು. ಒಂದೇ ವ್ಯತ್ಯಾಸ: ಕರ್ಣಪರ್ವದಲ್ಲಿ ಕೊನೆಗೆ ಕರ್ಣ ಬೀಳುತ್ತಾನೆಂದು ಎಲ್ಲರಿಗೂ ಗೊತ್ತು, ಇಲ್ಲಿ ಕೊನೆ ಏನೆಂದು ಭಾಗವತನಿಗೂ ಗೊತ್ತಿರುವುದಿಲ್ಲ. (ದಾಳ ಅಂದ ಕೂಡಲೇ ಅಮ್ಮನಿಗೆ ಶಕುನಿ ನೆನಪಾಗುತ್ತಾನೆ. 2025ರ ಆಗಸ್ಟ್‌ನಲ್ಲಿ ಕೇಂದ್ರದ ಹೊಸ ಕಾನೂನು ನಿಷೇಧಿಸಿದ್ದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು. ನಮ್ಮದರಲ್ಲಿ ಹಣವೂ ಇಲ್ಲ, ಆನ್‌ಲೈನೂ ಇಲ್ಲ ಎಂದು ಫೋನಿನಲ್ಲಿ ಎರಡು ಸಲ ವಿವರಿಸಿದ್ದೇನೆ.)

ಮೂರು ಗಂಟೆಯ ಆಟಕ್ಕೆ ನಾಲ್ಕೈದು ಗಂಟೆಯ ತಯಾರಿ ಬೇಕು. ಊರಿನ ಹೆಸರು, ಸಂತೆಯ ದಿನ, ಯಾವ ವ್ಯಾಪಾರಿಗೆ ಯಾರ ಸಾಲ, ಕಾವಲುಗಾರ ಹೇಳುವ ಸುಳ್ಳು ಯಾವುದು, ಎಲ್ಲವನ್ನೂ ಬರೆದಿಟ್ಟುಕೊಳ್ಳಬೇಕು. ಈ ಬರವಣಿಗೆಗೆ ಕಂಪನಿ ಒಂದು ಪೈಸೆ ಕೊಡುವುದಿಲ್ಲ. ಆದರೆ ಇದಿಲ್ಲದೆ ಅದರ ಪುಸ್ತಕ ಕಪಾಟಿನಲ್ಲಿ ದೂಳು ತಿನ್ನುತ್ತದೆ.

ಇದು ಕಂಪನಿಗೂ ಒಂದು ಕಾಲಕ್ಕೆ ಗೊತ್ತಿತ್ತು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟ ಕೈ ಬದಲಾಗಿ 1997ರಲ್ಲಿ ವಿಜರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿಗೆ ಸೇರಿತು; ಆ ಕಂಪನಿಯನ್ನು 1999ರಲ್ಲಿ ಹಾಸ್‌ಬ್ರೋ ಕೊಂಡಿತು. 2000ದಲ್ಲಿ ‘ಓಪನ್ ಗೇಮ್ ಲೈಸೆನ್ಸ್’ ಬಂತು. ಮೂಲ ನಿಯಮಗಳನ್ನು ಬಳಸಿ ಯಾರು ಬೇಕಾದರೂ ಕಥೆ ಬರೆಯಬಹುದು, ಮಾರಬಹುದು, ರಾಯಧನ ಕೊಡಬೇಕಿಲ್ಲ. ಮುಕ್ತ ಸಾಫ್ಟ್‌ವೇರ್ ಚಳವಳಿಯಿಂದ ಕಲಿತ ಪಾಠ ಅದು. ಬರೀ ಉದಾರತೆಯೂ ಅಲ್ಲ; ಬೇರೆಯವರು ಕಥೆ ಬರೆದಷ್ಟೂ ಮೂಲ ಪುಸ್ತಕ ಹೆಚ್ಚು ಮಾರಾಟವಾಗುತ್ತದೆ ಎಂಬ ಲೆಕ್ಕಾಚಾರವಿತ್ತು. 2008ರಲ್ಲಿ ನಾಲ್ಕನೇ ಆವೃತ್ತಿಗೆ ಬಿಗಿ ಲೈಸೆನ್ಸ್ ತಂದಾಗ ಪೈಜೋ ಎಂಬ ಸಣ್ಣ ಪ್ರಕಾಶನ ಹಳೆಯ ಲೈಸೆನ್ಸನ್ನೇ ಹಿಡಿದು ‘ಪಾಥ್‌ಫೈಂಡರ್’ ಎಂಬ ತನ್ನದೇ ಆಟವನ್ನು ಮುಂದಿನ ವರ್ಷ ಪೂರ್ತಿಯಾಗಿ ಹೊರತಂದಿತು. ತೆರೆದಿಟ್ಟ ಬಾಗಿಲಿನಿಂದ ಪ್ರತಿಸ್ಪರ್ಧಿಯೂ ಬಂದ.

2023ರ ಜನವರಿ 5ರಂದು ಹೊಸ ಲೈಸೆನ್ಸಿನ ಕರಡು ಸೋರಿಕೆಯಾಗಿ ಸುದ್ದಿಯಾಯಿತು. ವರ್ಷಕ್ಕೆ ಏಳೂವರೆ ಲಕ್ಷ ಡಾಲರ್ ದಾಟಿದ ಆದಾಯಕ್ಕೆ ಶೇ 25ರವರೆಗೆ ರಾಯಧನ. ಲಾಭಕ್ಕಲ್ಲ, ಆದಾಯಕ್ಕೆ! ನೀವು ಬರೆದದ್ದನ್ನು ಕಂಪನಿ ಪುಕ್ಕಟೆ ಬಳಸಿಕೊಳ್ಳುವ ಹಕ್ಕು ಬೇರೆ. ಎಲ್ಲಕ್ಕಿಂತ ದೊಡ್ಡದು, ಹಳೆಯ ಲೈಸೆನ್ಸ್ ಇನ್ನು ‘ಅಧಿಕೃತ’ವಲ್ಲ ಎಂಬ ಸಾಲು.

ಇಪ್ಪತ್ತೆರಡು ವರ್ಷ ನಡೆದುಬಂದದ್ದನ್ನು ಹೀಗೆ ಹಿಂದಕ್ಕೆ ಪಡೆಯಬಹುದೇ? ಎಂಜಿನಿಯರಿಂಗ್ ಓದುವವರು ನೋಡಬೇಕಾದದ್ದು ಇಲ್ಲಿ. ಹಳೆಯ ಲೈಸೆನ್ಸಿನಲ್ಲಿ ‘ಶಾಶ್ವತ’ ಎಂಬ ಪದವಿತ್ತು, ‘ಹಿಂಪಡೆಯಲಾಗದ’ ಎಂಬ ಪದ ಇರಲಿಲ್ಲ. ಯಾವುದೇ ‘ಅಧಿಕೃತ ಆವೃತ್ತಿ’ಯನ್ನು ಬಳಸಬಹುದು ಎಂದಿತ್ತು, ಅಧಿಕೃತವಲ್ಲ ಎಂದು ಘೋಷಿಸಿದರಾಯಿತಲ್ಲ ಎಂದು ಕಂಪನಿ ಓದಿಕೊಂಡಿತು. ನಾವು ಗಿಟ್‌ಹಬ್‌ನಲ್ಲಿ ಪ್ರಾಜೆಕ್ಟ್ ಹಾಕುವಾಗ ಪಟ್ಟಿಯಲ್ಲಿ ಸಿಕ್ಕ ಲೈಸೆನ್ಸ್ ಒತ್ತಿ ಮುಂದೆ ಹೋಗುತ್ತೇವೆ. ಅಪಾಚೆ 2.0 ತೆರೆದು ನೋಡಿ, ಆ ಪದ ಇದೆ. ಎಂಐಟಿ ಲೈಸೆನ್ಸಿನಲ್ಲಿ ಇಲ್ಲ. ಇಲ್ಲದ್ದಕ್ಕೆ ಅದು ಕೆಟ್ಟದ್ದೆಂದಲ್ಲ, ಆದರೆ ಓದಿ ಒತ್ತುವುದು ಬೇರೆ.

ಗೇಮ್ ಮಾಸ್ಟರ್‌ಗಳು ಕೋರ್ಟಿಗೆ ಹೋಗಲಿಲ್ಲ. ಕಂಪನಿ 2022ರಲ್ಲಷ್ಟೇ ಸುಮಾರು 14.6 ಕೋಟಿ ಡಾಲರ್ ಕೊಟ್ಟು ಕೊಂಡಿದ್ದ ‘ಡಿ ಆ್ಯಂಡ್ ಡಿ ಬಿಯಾಂಡ್’ ಆ್ಯಪ್‌ನ ಚಂದಾ ರದ್ದು ಮಾಡತೊಡಗಿದರು. ಪೈಜೋ ಯಾವ ಕಂಪನಿಯ ಒಡೆತನಕ್ಕೂ ಸೇರದ ಬೇರೊಂದು ಲೈಸೆನ್ಸ್ ಘೋಷಿಸಿತು. ಕಂಪನಿಯೇ ನಡೆಸಿದ ಸಮೀಕ್ಷೆಯಲ್ಲಿ 15 ಸಾವಿರಕ್ಕೂ ಹೆಚ್ಚು ಜನ ಉತ್ತರಿಸಿ, ತಿದ್ದಿದ ಕರಡನ್ನೂ ಶೇ 88ರಷ್ಟು ಮಂದಿ ಒಲ್ಲೆ ಎಂದರು. ಜನವರಿ 27ಕ್ಕೆ ಹಳೆಯ ಲೈಸೆನ್ಸ್ ಉಳಿಯಿತು. ಜೊತೆಗೆ ಸುಮಾರು 400 ಪುಟಗಳ ಮೂಲ ನಿಯಮಗಳು ಕ್ರಿಯೇಟಿವ್ ಕಾಮನ್ಸ್‌ಗೆ ಬಂದವು. ಅದರಲ್ಲಿ ‘ಹಿಂಪಡೆಯಲಾಗದ’ ಎಂಬ ಪದ ಇದೆ. ಅಭಿಮಾನಿಗಳ ಪ್ರೀತಿ ಗೆದ್ದಿತು ಎಂದು ಹಲವರು ಬರೆದರು. ನನಗೆ ಹಾಗನಿಸುವುದಿಲ್ಲ. ಯಾರ ಜೇಬಿನ ಮೇಲೆ ಕಂಪನಿ ನಿಂತಿತ್ತೋ ಆ ಶೇ 20 ಜನ ಜೇಬು ಮುಚ್ಚಿದರು, ಅಷ್ಟೇ.

ಆ ಶಕ್ತಿಗೂ ಮಿತಿ ಇತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ, ಈ ಆಟದ ನಿಯಮಗಳ ಮೇಲೆ ಲಾರಿಯನ್ ಸ್ಟುಡಿಯೋಸ್ ಕಟ್ಟಿದ ‘ಬಾಲ್ಡರ್ಸ್ ಗೇಟ್ 3’ ವರ್ಷದ ಅತ್ಯುತ್ತಮ ವಿಡಿಯೊ ಗೇಮ್ ಪ್ರಶಸ್ತಿ ಪಡೆದ ಕೆಲವೇ ದಿನಗಳಲ್ಲಿ ಹಾಸ್‌ಬ್ರೋ ಸುಮಾರು 1,100 ಉದ್ಯೋಗಿಗಳನ್ನು ತೆಗೆಯುವುದಾಗಿ ಹೇಳಿತು. ಅವರಲ್ಲಿ ವಿಜರ್ಡ್ಸ್‌ನವರೂ ಇದ್ದರು. ನಿಯಮಗಳನ್ನು ಕಾಯುವ ಲೈಸೆನ್ಸ್ ನಿಯಮ ಬರೆದವರ ಕೆಲಸವನ್ನು ಕಾಯಲಿಲ್ಲ. ಗೇಮಿಂಗ್ ಕಂಪನಿ ಸೇರುವ ಕನಸಿರುವ ನನ್ನ ಸಹಪಾಠಿಗಳಿಗೆ ಮೊದಲಿನ ಸುದ್ದಿಗಿಂತ ಈ ಸುದ್ದಿ ಹೆಚ್ಚು ಬೇಕಾದದ್ದು.

2025ರ ಏಪ್ರಿಲ್‌ನಲ್ಲಿ ಹೊಸ ಆವೃತ್ತಿಯ ಮೂಲ ನಿಯಮಗಳೂ ಕ್ರಿಯೇಟಿವ್ ಕಾಮನ್ಸ್‌ನಲ್ಲೇ ಬಂದವು. ಹಿಂದಿನದನ್ನು ಕಂಪನಿ ಫ್ರೆಂಚ್, ಜರ್ಮನ್, ಇಟಾಲಿಯನ್, ಸ್ಪ್ಯಾನಿಷ್‌ನಲ್ಲಿ ಕೊಟ್ಟಿದೆ. ಕನ್ನಡಕ್ಕೆ ತರಲು ಯಾರನ್ನೂ ಕೇಳಬೇಕಿಲ್ಲ. ಮೂಲದ ಹೆಸರು ಹೇಳಿದರೆ ಮಾರಲೂಬಹುದು. ಆಟದ ಹೆಸರು ಮಾತ್ರ ಟ್ರೇಡ್‌ಮಾರ್ಕ್, ಅದನ್ನು ಮುಖಪುಟದಲ್ಲಿ ನಮ್ಮದೆಂದು ಹಾಕುವಂತಿಲ್ಲ.

ನಮ್ಮ ಗುಂಪು ಶುರು ಮಾಡಿದೆ. ‘ಹಿಟ್ ಪಾಯಿಂಟ್’ ಸುಲಭವಾಗಿ ‘ಜೀವ’ ಆಯಿತು. ‘ಸೇವಿಂಗ್ ಥ್ರೋ’ಗೆ ವಾರಗಟ್ಟಲೆ ಜಗಳವಾಡಿ ‘ತಪ್ಪಿಸಿಕೊಳ್ಳೋ ದಾಳ’ ಎಂದಿಟ್ಟಿದ್ದೇವೆ. ಶಿವಮೊಗ್ಗದ ಗೆಳೆಯನಿಗೆ ಈಗಲೂ ಅದು ಒಪ್ಪಿಗೆಯಿಲ್ಲ. ನಮ್ಮ ಅನುವಾದವನ್ನು ಯಾರೋ ಮುದ್ರಿಸಿ ಮಾರಿಬಿಟ್ಟರೆ ಎಂಬ ಹೆದರಿಕೆ ಅವನದು, ವ್ಯಾಪಾರಕ್ಕೆ ಬಳಸುವಂತಿಲ್ಲ ಎಂಬ ಲೈಸೆನ್ಸ್ ಹಾಕೋಣ ಅನ್ನುತ್ತಾನೆ. ಮಾರಲಿ, ಹೆಸರು ಹಾಕಲಿ ಅಂತ ನನ್ನ ವಾದ. ಇದುವರೆಗೆ ಆಗಿರುವುದು 11 ಪುಟ. ಮಂತ್ರಗಳ ಪಟ್ಟಿಯನ್ನು ಇನ್ನೂ ಮುಟ್ಟಿಲ್ಲ.