ನೀರು ನೂರು ಡಿಗ್ರಿಯಲ್ಲಿಯೇ ಕುದಿಯಬೇಕೆ?

ನಾನು ಬೆಂಗಳೂರಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ನಡೆದ ಸಂಗತಿಯಿದು. ಅಂದು ನಮಗೆ ನೀರಿನ ಕುದಿಬಿಂದುವನ್ನು ಕಂಡುಹಿಡಿಯುವ ಪ್ರಯೋಗವಿತ್ತು. ನೀರು ಕೊತಕೊತನೆ ಕುದಿಯುತ್ತಿತ್ತು. ಉಷ್ಣಮಾಪಕದ ಪಾದರಸವು 97 ಡಿಗ್ರಿಗೆ ಬಂದು ನಿಂತಿತು. ಉರಿಯನ್ನು ಎಷ್ಟು ಹೆಚ್ಚಿಸಿದರೂ ಮೇಲಕ್ಕೇರಲಿಲ್ಲ. ಆದರೂ ನಾವು ಬರೆದುಕೊಂಡದ್ದು 100 ಡಿಗ್ರಿ! 97 ಎಂದು ಬರೆದ ಒಬ್ಬನ ಉತ್ತರದ ಮೇಲೆ ಕೆಂಪು ಗೀಟು ಬಿದ್ದಿತು. ಅಂದು ನಿಜವನ್ನು ಬರೆದವನು ಅವನೊಬ್ಬನೇ ಎಂಬುದು ನನಗೆ ಅರಿವಾದದ್ದು ಬಹುಕಾಲದ ಮೇಲೆ.

ಘನವು ದ್ರವವಾಗುವುದಕ್ಕೂ ದ್ರವವು ಅನಿಲವಾಗುವುದಕ್ಕೂ ಉಷ್ಣವೇ ಕಾರಣವೆಂದು ನಾವೆಲ್ಲರೂ ಕಲಿಯುತ್ತೇವೆ. ಅದು ನಿಜ, ಆದರೆ ಪೂರ್ಣಸತ್ಯವಲ್ಲ. ನೀರಿನ ಆವಿಯ ಒತ್ತಡವು ಹೊರಗಿನ ಗಾಳಿಯ ಒತ್ತಡಕ್ಕೆ ಸಮನಾದಾಗ ನೀರಿನ ಒಡಲಲ್ಲಿಯೇ ಗುಳ್ಳೆಗಳು ಮೂಡಿ ಅದು ಕುದಿಯತೊಡಗುತ್ತದೆ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡವು ಸುಮಾರು 760 ಮಿಲಿಮೀಟರ್ ಪಾದರಸದಷ್ಟು. ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಅದು 680ರ ಆಸುಪಾಸಿನಲ್ಲಿರುತ್ತದೆ. ಆದುದರಿಂದ ಮಂಗಳೂರಿನಲ್ಲಿ 100 ಡಿಗ್ರಿಯಲ್ಲಿ ಕುದಿಯುವ ನೀರು ಇಲ್ಲಿ 97ರಲ್ಲಿಯೇ ಕುದಿಯುತ್ತದೆ. 3500 ಮೀಟರ್ ಎತ್ತರದ ಲೇಹ್ ಪಟ್ಟಣದಲ್ಲಿ ಸುಮಾರು 88ರಲ್ಲಿ. ಅಲ್ಲಿ ತೆರೆದ ಪಾತ್ರೆಯಲ್ಲಿ ಬೇಳೆ ಬೇಗನೆ ಬೇಯದಿರುವುದು ಇದರಿಂದಲೇ. ಒತ್ತಡವನ್ನು ಹೆಚ್ಚಿಸುವ ಪ್ರೆಷರ್ ಕುಕ್ಕರಿನಲ್ಲಾದರೋ ನೀರು ಸುಮಾರು 120 ಡಿಗ್ರಿಯವರೆಗೂ ಕಾಯುತ್ತದೆ.

ಹಾಗಾದರೆ ನಾವು ಹೆಚ್ಚಿಸಿದ ಉರಿಯ ಶಾಖವೆಲ್ಲ ಎಲ್ಲಿ ಹೋಯಿತು? ಒಂದು ಗ್ರಾಮ್ ಮಂಜುಗಡ್ಡೆ ಕರಗಲು ಸುಮಾರು 80 ಕ್ಯಾಲೊರಿ ಬೇಕು. ಒಂದು ಗ್ರಾಮ್ ಕುದಿನೀರು ಆವಿಯಾಗಲು ಸುಮಾರು 540. ಈ ಶಾಖವು ಅಣುಗಳ ಪರಸ್ಪರ ಹಿಡಿತವನ್ನು ಬಿಡಿಸುವುದರಲ್ಲಿ ವ್ಯಯವಾಗುತ್ತದೆಯೇ ಹೊರತು ಉಷ್ಣತೆಯನ್ನು ಏರಿಸುವುದಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಜೋಸೆಫ್ ಬ್ಲ್ಯಾಕ್ ಗುರುತಿಸಿದ ಗುಪ್ತೋಷ್ಣವೆಂದರೆ ಇದೇ. ಪಾದರಸವು ಒಂದೆಡೆ ನಿಂತುಬಿಟ್ಟದ್ದು ಉಪಕರಣದ ದೋಷವಲ್ಲ. ಅದೇ ಆ ಪ್ರಯೋಗದ ಸಾರ.

"ಉಷ್ಣಮಾಪಕವೇ ತಪ್ಪು ತೋರಿಸುತ್ತಿದ್ದರೆ?" ಎಂದು ಕೇಳಬಹುದು. ಒಳ್ಳೆಯ ಪ್ರಶ್ನೆಯೇ. ಅದನ್ನು ಕರಗುತ್ತಿರುವ ಶುದ್ಧ ಮಂಜುಗಡ್ಡೆಯಲ್ಲಿಟ್ಟು ನೋಡಿ. ಊರಿನ ಎತ್ತರದಿಂದ ಕರಗುಬಿಂದು ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ. ಪಾದರಸವು ಸೊನ್ನೆಯಲ್ಲಿ ನಿಲ್ಲಬೇಕು. ಬಳಿಕ ವಾಯುಭಾರವನ್ನೂ ಗುರುತು ಹಾಕಿಕೊಳ್ಳಿ. ಸಂದೇಹವನ್ನು ನೀಗಿಸುವ ಮಾರ್ಗ ಇನ್ನೊಂದು ಪರೀಕ್ಷೆಯೇ ಹೊರತು ಪುಸ್ತಕದ ಅಂಕಿಯನ್ನು ನಕಲು ಮಾಡುವುದಲ್ಲ.

ಇದರಲ್ಲೊಂದು ಸ್ವಾರಸ್ಯವಿದೆ. 1742ರಲ್ಲಿ ನೂರು ಭಾಗಗಳ ಮಾನವನ್ನು ರೂಪಿಸಿದ ಸ್ವೀಡನ್ನಿನ ಆಂಡರ್ಸ್ ಸೆಲ್ಸಿಯಸ್, ಕುದಿಬಿಂದುವು ವಾಯುಭಾರವನ್ನು ಅನುಸರಿಸಿ ವ್ಯತ್ಯಾಸವಾಗುವುದನ್ನು ಆಗಲೇ ಪರಿಗಣಿಸಿದ್ದನು. ಅವನು ಮರೆಯದ ಷರತ್ತನ್ನು ಅವನ ಹೆಸರಿನ ಮಾನವನ್ನು ಬಳಸುವ ನಾವು ಮರೆಯಬಹುದೆ?

ಮೂರು ಡಿಗ್ರಿಗಳ ವ್ಯತ್ಯಾಸ ಅಲ್ಪವೆಂದು ತೋರಬಹುದು. ಆದರೆ ಕಣ್ಣು ಕಂಡದ್ದನ್ನು ಕೈ ಬರೆಯಲು ಅಂಜುವ ಅಭ್ಯಾಸ ಅಲ್ಪವಾದುದಲ್ಲ. ಪಠ್ಯಪುಸ್ತಕಗಳಲ್ಲಿ 100ರ ಪಕ್ಕದಲ್ಲಿಯೇ "ಸಮುದ್ರಮಟ್ಟದ ವಾಯುಭಾರದಲ್ಲಿ" ಎಂಬ ಮಾತೂ ಇರಲಿ. ಉಪಾಧ್ಯಾಯರು 97ನ್ನು ಕಂಡಾಗ ಗೀಟು ಹಾಕುವ ಮುನ್ನ "ಏಕೆ?" ಎಂದು ಕೇಳಲಿ. ವಿದ್ಯಾರ್ಥಿ ಮಿತ್ರರೇ, ನೀವಾದರೋ ಪಾದರಸ ನಿಂತೆಡೆಯನ್ನೇ ಬರೆಯಿರಿ. ವಿಜ್ಞಾನವು ಆರಂಭವಾಗುವುದು ಅಲ್ಲಿಂದಲೇ.