ಉರಿದ ಸಾಬೂನಿನ ಲೆಕ್ಕ

ಸಾಬೂನು ನೋಡಲು ಚೆನ್ನಾಗಿಯೇ ಇತ್ತು. ಬೆಳ್ಳಗೆ, ಗಟ್ಟಿಯಾಗಿ, ಅಂಗಡಿಯ ಸಾಬೂನಿನಂತೆಯೇ. ಆದರೆ ಕೈಗೆ ಹಚ್ಚಿಕೊಂಡೊಡನೆ ಹುಡುಗಿಗೆ ಚುರುಚುರು ಉರಿ! ತಾಯಿ ಅವಳ ಕೈಯನ್ನು ಹದಿನೈದು ನಿಮಿಷ ನಲ್ಲಿಯ ಕೆಳಗೆ ಹಿಡಿದರು. "ಸಾಕಮ್ಮ ನಿನ್ನ ಉಸಾಬರಿ, ಮೊದಲು ಅದನ್ನು ಎಸೆ" ಎಂದರು.

ಊರು ಚಳ್ಳಕೆರೆ, ಶೇಂಗಾ ಎಣ್ಣೆಯ ಮಿಲ್ಲುಗಳಿಗೆ ಹೆಸರಾದದ್ದು. ಹುಡುಗಿ ಹತ್ತನೇ ತರಗತಿ. ಅವಳು ಸಾಬೂನನ್ನು ಎಸೆಯಲಿಲ್ಲ. ಮಾಡಿದ್ದನ್ನೆಲ್ಲ ಬರೆದಿಟ್ಟಿದ್ದ ನೋಟ್‌ಪುಸ್ತಕ ತೆರೆದಳು.

ಕನ್ನಡಕ, ಕೈಗವಸು ಹಾಕಿದ್ದಾಯಿತು. ತಂದೆ ಪಕ್ಕದಲ್ಲೇ ಇದ್ದರು. ಕಾಸ್ಟಿಕ್ ಸೋಡಾವನ್ನು ನೀರಿಗೆ ಸ್ವಲ್ಪಸ್ವಲ್ಪವೇ ಹಾಕಿದ್ದಳು, ಸೋಡಾದ ಮೇಲೆ ನೀರು ಸುರಿದಿರಲಿಲ್ಲ. ಪಾತ್ರೆ ಸ್ಟೀಲಿನದು. (ಅಲ್ಯೂಮಿನಿಯಂ ಆಗಿದ್ದರೆ ಸೋಡಾ ಪಾತ್ರೆಯನ್ನೇ ತಿಂದು ಹೈಡ್ರೋಜನ್ ಬಿಡುತ್ತಿತ್ತು.) ಮತ್ತೆ ತಪ್ಪಿದ್ದೆಲ್ಲಿ? ಕೆಂಪು ಲಿಟ್ಮಸ್ ಅದ್ದಿದಳು, ನೀಲಿಯಾಯಿತು. ಅಂಗಡಿಯ ಸಾಬೂನಿನ ನೀರಿಗೆ ಅದ್ದಿದಳು, ಅದೂ ನೀಲಿ! ಒಳ್ಳೆಯ ಸಾಬೂನೂ ಕ್ಷಾರೀಯವೇ ಆದ್ದರಿಂದ ಲಿಟ್ಮಸ್ ಇಲ್ಲಿ ದಾರಿ ತೋರಿಸದು.

ಕೊನೆಗೆ ಕಣ್ಣಿಗೆ ಬಿದ್ದದ್ದು ಎಣ್ಣೆ. ವಿಧಾನದಲ್ಲಿದ್ದದ್ದು 100 ಗ್ರಾಂ ಕೊಬ್ಬರಿ ಎಣ್ಣೆಗೆ 17.4 ಗ್ರಾಂ ಕಾಸ್ಟಿಕ್ ಸೋಡಾ. ಅವಳು ಮನೆಯಲ್ಲಿದ್ದ ಶೇಂಗಾ ಎಣ್ಣೆಯನ್ನು ಅಷ್ಟೇ ತೂಕ ಹಾಕಿದ್ದಳು. ಚಿತ್ರಾನ್ನಕ್ಕಾದರೆ ನಡೆದೀತು.

ಎಣ್ಣೆಯ ಒಂದೊಂದು ಅಣುವಿನಲ್ಲೂ ಮೂರು ಕೊಬ್ಬಿನಾಮ್ಲಗಳು ಗ್ಲಿಸರಾಲಿಗೆ ಅಂಟಿಕೊಂಡಿರುತ್ತವೆ. ಕೊಬ್ಬಿನ ಈ ರಚನೆಯನ್ನು ಬಿಡಿಸಿ ತೋರಿಸಿದವರು ಫ್ರಾನ್ಸಿನ ಶೆವ್ರಲ್. ಅವರ ಗ್ರಂಥ ಪ್ರಕಟವಾದದ್ದು 1823ರಲ್ಲಿ. ಸೋಡಾ ಆ ಅಂಟನ್ನು ಬಿಡಿಸುತ್ತದೆ, ಒಂದು ಆಮ್ಲಕ್ಕೆ ಸೋಡಾದ ಒಂದು ಪಾಲಿನಂತೆ. ಕೊಬ್ಬರಿ ಎಣ್ಣೆಯಲ್ಲಿ ಹೆಚ್ಚಾಗಿರುವುದು 12 ಇಂಗಾಲದ ಲಾರಿಕ್ ಆಮ್ಲ. ಶೇಂಗಾ ಎಣ್ಣೆಯಲ್ಲಿ 18 ಇಂಗಾಲದ ಒಲೀಕ್ ಆಮ್ಲ. ಒಂದು ಕಿಲೋ ನಿಂಬೆಹಣ್ಣು ಎಣಿಸಿದರೆ ಇಪ್ಪತ್ತು ಮೀರೀತು. ಒಂದು ಕಿಲೋ ಮೂಸಂಬಿ ಐದಾರು. ಹಾಗೆಯೇ 100 ಗ್ರಾಂ ಕೊಬ್ಬರಿ ಎಣ್ಣೆಯಲ್ಲಿ ಅಣುಗಳು ಹೆಚ್ಚು, ಅದು ಸುಮಾರು 18.3 ಗ್ರಾಂ ಸೋಡಾ ಬೇಡುತ್ತದೆ. ಶೇಂಗಾ ಎಣ್ಣೆಗೆ 13.6 ಗ್ರಾಂ ಸಾಕು. ಅಂದರೆ ಅವಳ ಸಾಬೂನಿನಲ್ಲಿ ಸುಮಾರು 4 ಗ್ರಾಂ ಸೋಡಾ ಕೆಲಸವಿಲ್ಲದೆ ಉಳಿದಿತ್ತು. ಕೈ ಉರಿಸಿದ್ದು ಅದೇ.

ಕಾರಣ ಸಿಕ್ಕ ಮೇಲೆ ಪರಿಹಾರ ತ್ರೈರಾಶಿಯ ಲೆಕ್ಕ. 17.4 ಗ್ರಾಂ ಸೋಡಾವನ್ನು ಪೂರ್ತಿ ಮುಗಿಸಲು 128 ಗ್ರಾಂ ಶೇಂಗಾ ಎಣ್ಣೆ ಬೇಕು. ಮೂಲ ವಿಧಾನದಂತೆ ನೂರಕ್ಕೆ ಐದರಷ್ಟು ಎಣ್ಣೆ ಮಿಗಬೇಕಾದರೆ 135 ಗ್ರಾಂ. ಹಾಕಿದ್ದು 100, ಇನ್ನೂ 35 ಬೇಕು.

ಹುಡುಗಿ ಲೆಕ್ಕವನ್ನು ತಾಯಿಗೆ ತೋರಿಸಿದಳು. ಅವರು ಅದನ್ನು ಎರಡು ಸಲ ಓದಿ, ತಾವೇ ಎಣ್ಣೆ ತೂಗಿ ಕೊಟ್ಟರು. ಕೈಗವಸು ಹಾಕಿ ಸಾಬೂನನ್ನು ತುರಿದು, ಸ್ವಲ್ಪ ನೀರು ಸೇರಿಸಿ, ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ, ಎಣ್ಣೆ ಬೆರೆಸಿ ಬಹಳ ಹೊತ್ತು ಕಲಕಿದ್ದಾಯಿತು. ಅಚ್ಚಿಗೆ ಹಾಕಿ ನಾಲ್ಕು ವಾರ ಒಣಗಲು ಬಿಟ್ಟರು.

ಈ ಸಲದ್ದು ಮೆತ್ತಗಿತ್ತು, ನೊರೆಯೂ ಕಡಿಮೆ. ಶೇಂಗಾ ಎಣ್ಣೆಯ ಸಾಬೂನು ಇರುವುದೇ ಹಾಗೆ. ಅದರಿಂದ ಮೊದಲು ಕೈ ತೊಳೆದವರು ತಾಯಿ.