ಹದಿಮೂರು ರೂಪಾಯಿಯ ಸಾಲವೂ ಬರೆಯದೆ ಉಳಿದ ಬಾಕಿಯೂ



ಕಳೆದ ತಿಂಗಳು ಬೆಂಗಳೂರಿನಿಂದ ಊರಿಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಅಳದಂಗಡಿಯ ನಮ್ಮ ಮನೆಗೂ ಬಂದಿದ್ದ. ಕುಶಲೋಪರಿ ಮುಗಿದ ಮೇಲೆ ಬಹಳ ಹೆಮ್ಮೆಯಿಂದ ಹೇಳಿದ: “ಸರ್, ನೀವು ಕ್ಲಾಸಿನಲ್ಲಿ ಹೇಳುತ್ತಿದ್ದ ಚರ್ಚಿಲ್ಲನ ಸಾಲದ ಪುಸ್ತಕ ಬೆಂಗಳೂರು ಕ್ಲಬ್ಬಿನಲ್ಲಿ ಇದೆಯಲ್ಲ, ನಮ್ಮ ಆಫೀಸಿಗೆ ಬರುವ ವಿದೇಶದವರಿಗೆಲ್ಲ ನಾನು ಆ ಕಥೆಯನ್ನೇ ಹೇಳುವುದು.” ನಾನೂ ನಕ್ಕೆ. ಆದರೆ ಅವನು ಗೇಟು ದಾಟಿ ಹೋದ ಮೇಲೆ ಆ ನಗು ಉಳಿಯಲಿಲ್ಲ. ಕಲಿಸಿದವನು ನಾನೇ ಆದುದರಿಂದ ತಿದ್ದುವ ಹೊಣೆಯೂ ನನ್ನದೇ ಎಂದುಕೊಂಡು ಇದನ್ನು ಬರೆಯುತ್ತಿದ್ದೇನೆ.

ಕಥೆ ನಿಮಗೆ ನೆನಪಿರಬಹುದು. ವಿನ್‌ಸ್ಟನ್ ಚರ್ಚಿಲ್ 1896ರ ಅಕ್ಟೋಬರಿನಲ್ಲಿ ನಾಲ್ಕನೆಯ ಹುಸಾರ್ಸ್ ಎಂಬ ಕುದುರೆ ದಳದ ಕಿರಿಯ ಅಧಿಕಾರಿಯಾಗಿ ಬೆಂಗಳೂರಿನ ದಂಡುಪ್ರದೇಶಕ್ಕೆ ಬಂದ. ವಯಸ್ಸು ಇನ್ನೂ ಇಪ್ಪತ್ತೆರಡು ತುಂಬಿರಲಿಲ್ಲ. ಇಬ್ಬರು ಗೆಳೆಯರೊಡನೆ ಬಂಗಲೆ, ಸುತ್ತ ಗುಲಾಬಿ ತೋಟ, ಕೈಗೊಬ್ಬ ಕಾಲಿಗೊಬ್ಬ ಆಳು. ಬೆಳಗ್ಗೆ ಕವಾಯತು, ಸಂಜೆ ಪೋಲೋ. ಅಂದು ಯುನೈಟೆಡ್ ಸರ್ವೀಸಸ್ ಕ್ಲಬ್ ಎಂಬ ಹೆಸರಿದ್ದ ಈಗಿನ ಬೆಂಗಳೂರು ಕ್ಲಬ್ಬಿನಲ್ಲಿ ಆತ ಉಳಿಸಿಹೋದ ಹದಿಮೂರು ರೂಪಾಯಿಯನ್ನು 1899ರ ಲೆಕ್ಕದ ಪುಸ್ತಕದಲ್ಲಿ ‘ವಸೂಲಾಗದ ಬಾಕಿ’ಯೆಂದು ಬರೆದಿದ್ದಾರೆ. ಆ ಪುಟವನ್ನು ಇಂದಿಗೂ ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದಾರೆ.

ನಮ್ಮ ಪೇಟೆಯ ಜಿನಸಿ ಅಂಗಡಿಯಲ್ಲಿ ಯಾರಾದರೂ ಕಡ ಉಳಿಸಿ ಪರಊರಿಗೆ ಹೋದರೆ ಅವನನ್ನು ಏನೆಂದು ಕರೆಯುತ್ತೇವೆಂಬುದು ನಿಮಗೆ ಗೊತ್ತು. ಅದೇ ಕೆಲಸವನ್ನು ದೊರೆ ಮಾಡಿದಾಗ ಅದು ಸ್ವಾರಸ್ಯದ ಕಥೆಯಾಗುತ್ತದೆ! ಇರಲಿ, ಹದಿಮೂರು ರೂಪಾಯಿಗಾಗಿ ಜಗಳವಾಡುವ ಮನುಷ್ಯ ನಾನಲ್ಲ. ನನ್ನ ಆಕ್ಷೇಪ ಬೇರೆ. ಈ ಸಣ್ಣ ಸಾಲವನ್ನು ಮೆರೆಸುತ್ತ ನಾವು ದೊಡ್ಡ ಬಾಕಿಯನ್ನು ಮರೆತಿದ್ದೇವೆ. ಮರೆಸಿದವರಲ್ಲಿ ನನ್ನಂತಹ ಅಧ್ಯಾಪಕರೂ ಸೇರಿದ್ದೇವೆ.

ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಅರ್ಧವಾರ್ಷಿಕ ಪರೀಕ್ಷೆಯ ಉತ್ತರ ಪತ್ರಿಕೆ ಕೊಡುವ ದಿನ ನಾನು ತಪ್ಪದೆ ಹೇಳುತ್ತಿದ್ದ ಮಾತೊಂದಿತ್ತು: “ಚರ್ಚಿಲ್ ಶಾಲೆಯಲ್ಲಿ ದಡ್ಡನಾಗಿದ್ದ, ಆದರೂ ಪ್ರಧಾನಮಂತ್ರಿಯಾದ. ನೀವೂ ಎದೆಗುಂದಬೇಡಿ.” ಒಂದು ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ: “ಅವನ ಅಪ್ಪನಿಗೆ ತೋಟ ಎಷ್ಟಿತ್ತು ಸರ್?” ಕ್ಲಾಸೆಲ್ಲ ಗೊಳ್ಳೆಂದು ನಕ್ಕಿತು. ಅಧಿಕಪ್ರಸಂಗ ಬೇಡವೆಂದು ನಾನು ಅವನನ್ನು ಗದರಿ ಕೂರಿಸಿದೆ. ಅವನ ತಾಯಿ ಬೀಡಿ ಕಟ್ಟಿ ಮನೆ ನಡೆಸುತ್ತಿದ್ದರು. ಹುಡುಗ ಎಸ್ಸೆಸ್ಸೆಲ್ಸಿಯಲ್ಲಿ ಎರಡು ವಿಷಯ ಕಳೆದುಕೊಂಡು ಮುಂಬಯಿಯ ಹೋಟೆಲು ಸೇರಿದ.

ಆ ಪ್ರಶ್ನೆಗೆ ಇಂದು ಉತ್ತರ ಹೇಳುತ್ತೇನೆ. ತೋಟವಲ್ಲ ಮಗೂ, ಅರಮನೆಯಿತ್ತು. ಚರ್ಚಿಲ್ ಹುಟ್ಟಿದ್ದು 1874ರಲ್ಲಿ ಬ್ಲೆನಿಮ್ ಅರಮನೆಯಲ್ಲಿ. ಅಜ್ಜ ಮಾರ್ಲ್‌ಬರೋದ ಡ್ಯೂಕ್. ಅಪ್ಪ ಲಾರ್ಡ್ ರ‍್ಯಾಂಡಾಲ್ಫ್ 1885ರಲ್ಲಿ ಭಾರತದ ಆಡಳಿತವನ್ನೇ ನೋಡಿಕೊಳ್ಳುವ ಮಂತ್ರಿ, ಮರುವರ್ಷ ಹಣಕಾಸಿನ ಮಂತ್ರಿ. ಸೈನಿಕ ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ಎರಡು ಬಾರಿ ಅನುತ್ತೀರ್ಣನಾದರೂ ಮೂರನೆಯ ಬಾರಿ ಕಟ್ಟಿಸಲು ಮನೆಯಲ್ಲಿ ಬೇಕಾದಷ್ಟು ಅನುಕೂಲವಿತ್ತು. ಆತ ದಡ್ಡನೂ ಆಗಿರಲಿಲ್ಲ. ಹ್ಯಾರೋ ಶಾಲೆಯಲ್ಲಿ ಮೆಕಾಲೆಯ ಪದ್ಯದ 1,200 ಸಾಲುಗಳನ್ನು ಬಾಯಿಪಾಠವಾಗಿ ಒಪ್ಪಿಸಿ ಬಹುಮಾನ ಪಡೆದ ಹುಡುಗ ಆತ. ದಡ್ಡನೊಬ್ಬ ದೊಡ್ಡವನಾದ ಕಥೆಯನ್ನು 1930ರ ತನ್ನ ಆತ್ಮಕಥೆಯಲ್ಲಿ ಸೊಗಸಾಗಿ ಹೆಣೆದವನು ಸ್ವತಃ ಚರ್ಚಿಲ್ಲನೇ. ನಾನು ಅದನ್ನು ಪರಿಶೀಲಿಸದೆ ಮೂವತ್ತು ವರ್ಷ ಮಾರಿದೆ. ಪ್ರಶ್ನೆ ಕೇಳಿದ ಆ ಹುಡುಗನೇ ಅಂದು ಕ್ಲಾಸಿನಲ್ಲಿ ಇತಿಹಾಸ ಅರ್ಥವಾಗಿದ್ದ ಏಕೈಕ ವ್ಯಕ್ತಿ.

ಹಾಗೆಂದು ಆತನ ಗುಣವನ್ನು ಅಲ್ಲಗಳೆಯುವುದಿಲ್ಲ. ಬೆಂಗಳೂರಿನ ಬಿಸಿಲಿನ ಮಧ್ಯಾಹ್ನಗಳಲ್ಲಿ ಜತೆಯವರು ನಿದ್ರಿಸುತ್ತಿರುವಾಗ ಆತ ಗಿಬ್ಬನ್, ಮೆಕಾಲೆ, ಪ್ಲೇಟೋರನ್ನು ಓದಿ ತನ್ನನ್ನು ತಾನೇ ರೂಪಿಸಿಕೊಂಡ. ತಾಯಿ ಇಂಗ್ಲೆಂಡಿನಿಂದ ಪುಸ್ತಕಗಳನ್ನು ಕಳುಹಿಸುತ್ತಿದ್ದರು. ಈ ಶ್ರದ್ಧೆ ಅನುಕರಣೀಯ. ಆದರೆ ರೋಮ್ ಸಾಮ್ರಾಜ್ಯ ಬಿದ್ದ ಬಗೆಯನ್ನು ಸಂಪುಟಗಟ್ಟಲೆ ಓದಿದವನು ತನ್ನ ಬಂಗಲೆಯ ಬೇಲಿಯಾಚೆಗಿನ ಭಾರತವನ್ನು ಓದಲಿಲ್ಲ. 1897ರಲ್ಲಿ ಬೆಂಗಳೂರಿನಿಂದ ರಜೆ ಪಡೆದು ವಾಯವ್ಯ ಗಡಿಯ ಯುದ್ಧಕ್ಕೆ ಹೋದ. ಅಲ್ಲಿ ಹಳ್ಳಿಗಳ ಮನೆಗಳನ್ನು ಕೆಡವಿ, ಬಾವಿಗಳನ್ನು ಮುಚ್ಚಿ, ಬೆಳೆಯನ್ನು ಸುಟ್ಟದ್ದನ್ನು ಯಾವ ಅಳುಕೂ ಇಲ್ಲದೆ ತಾನೇ ಬರೆದಿದ್ದಾನೆ. 1899ರಲ್ಲಿ ಭಾರತ ಬಿಟ್ಟವನು ಮತ್ತೆಂದೂ ಇಲ್ಲಿಗೆ ಬರಲಿಲ್ಲ. ದಂಡುಪ್ರದೇಶದ ವರಾಂಡದಿಂದ ಕಂಡ ಭಾರತವನ್ನೇ ತಲೆಯಲ್ಲಿಟ್ಟುಕೊಂಡು ಅರ್ಧ ಶತಮಾನ ನಮ್ಮ ಹಣೆಬರಹದ ಬಗ್ಗೆ ಅಧಿಕಾರವಾಣಿಯಿಂದ ಮಾತನಾಡಿದ.

1931ರಲ್ಲಿ ಗಾಂಧೀಜಿ ವೈಸರಾಯರ ಭವನದ ಮೆಟ್ಟಿಲು ಹತ್ತಿದ್ದನ್ನು ಕಂಡು ಆತನಿಗೆ ವಾಕರಿಕೆ ಬಂದಿತಂತೆ. ಅರೆಬೆತ್ತಲೆ ಫಕೀರನೆಂದು ಹೀಯಾಳಿಸಿದ, ಮಿಡ್ಲ್ ಟೆಂಪಲ್ಲಿನ ವಕೀಲನೆಂದೂ ಸೇರಿಸಿದ. ಗಾಂಧೀಜಿ ಓದಿದ್ದು ಇನ್ನರ್ ಟೆಂಪಲ್ಲಿನಲ್ಲಿ. ಬೈಯುವಾಗಲೂ ವಿಷಯ ತಿಳಿದಿರಬೇಕು! ನಮ್ಮ ನೆರೆಯ ವೇಣೂರಿನಲ್ಲಿ ಅಜಿಲ ಅರಸರು 1604ರಲ್ಲಿ ನಿಲ್ಲಿಸಿದ್ದು ಗೆದ್ದ ರಾಜ್ಯವನ್ನು ಬಿಟ್ಟುಕೊಟ್ಟು ಬೆತ್ತಲೆ ನಿಂತ ಬಾಹುಬಲಿಯ ವಿಗ್ರಹವನ್ನು. ಆ ನೆಲದಲ್ಲಿ ಬೆಳೆದ ನಮಗೆ ಬಟ್ಟೆ ಕಳಚುವುದು ಅವಮಾನವಲ್ಲ, ತ್ಯಾಗ. ಗಾಂಧೀಜಿಯೂ 1944ರಲ್ಲಿ ಚರ್ಚಿಲ್ಲನಿಗೆ ಪತ್ರ ಬರೆದು, ಆ ಬೈಗುಳವನ್ನು ಹೊಗಳಿಕೆಯೆಂದೇ ಸ್ವೀಕರಿಸುವುದಾಗಿ ತಿಳಿಸಿದರು. ಅದೇ ವರ್ಷ ಚರ್ಚಿಲ್ ವೈಸರಾಯ್ ವೇವೆಲ್‌ಗೆ ತಂತಿ ಕಳುಹಿಸಿ ಕೇಳಿದ್ದು ಗಾಂಧಿ ಇನ್ನೂ ಏಕೆ ಸತ್ತಿಲ್ಲವೆಂದು. ಇದು ವೇವೆಲ್‌ನ ದಿನಚರಿಯಲ್ಲೇ ಇದೆ.

ಈಗ ದೊಡ್ಡ ಬಾಕಿಯ ವಿಷಯ. 1943ರಲ್ಲಿ ಬಂಗಾಳದಲ್ಲಿ ಕ್ಷಾಮ ಬಿತ್ತು. ಬರ್ಮಾ ಜಪಾನಿನ ವಶವಾಗಿ ಅಲ್ಲಿಂದ ಬರುವ ಅಕ್ಕಿ ನಿಂತಿತ್ತು. ಶತ್ರುವಿಗೆ ಸಿಗಬಾರದೆಂದು 1942ರಲ್ಲಿ ಸರಕಾರವೇ ಕರಾವಳಿ ಬಂಗಾಳದ ಅಕ್ಕಿಯನ್ನೂ ದೋಣಿಗಳನ್ನೂ ತೆಗೆದುಹಾಕಿತ್ತು. ಆ ಅಕ್ಟೋಬರಿನಲ್ಲಿ ಮಿಡ್ನಾಪುರಕ್ಕೆ ಚಂಡಮಾರುತ ಬಡಿಯಿತು. ಕಾಳಸಂತೆಯವರು ದಾಸ್ತಾನು ಅಡಗಿಸಿದರು, ಪ್ರಾಂತೀಯ ಸರಕಾರ ಕೈಚೆಲ್ಲಿತು. ಸತ್ತವರು ಹದಿನೈದು ಲಕ್ಷವೆಂದು 1945ರ ಸರಕಾರಿ ವಿಚಾರಣಾ ಆಯೋಗ ಅಂದಾಜಿಸಿತು. ನಂತರದ ಹಲವು ವಿದ್ವಾಂಸರ ಲೆಕ್ಕ ಮೂವತ್ತು ಲಕ್ಷದ ಹತ್ತಿರ. ಕಲ್ಕತ್ತೆಯ ಬೀದಿಗಳಲ್ಲಿ ಜನ ಅನ್ನ ಬೇಡಲಿಲ್ಲ, ಗಂಜಿಯ ತೆಳಿ ಬೇಡಿದರು. ನಮ್ಮ ಹಟ್ಟಿಯ ದನಕ್ಕೆ ನಾವು ಅಕ್ಕಚ್ಚಿನಲ್ಲಿ ಬೆರೆಸಿ ಕೊಡುತ್ತಿದ್ದ ತೆಳಿ!

ಭಾರತ ಮಂತ್ರಿ ಆಮರಿ ಐದು ಲಕ್ಷ ಟನ್ ಧಾನ್ಯಕ್ಕಾಗಿ ಕೇಳಿದಾಗ ಚರ್ಚಿಲ್ಲನ ಯುದ್ಧ ಸಂಪುಟ ಒಪ್ಪಿದ್ದು ಅದರ ಸಣ್ಣ ಪಾಲಿಗೆ ಮಾತ್ರ. ಹಡಗುಗಳಿಲ್ಲ ಎಂಬುದು ಕಾರಣ. ಭಾರತೀಯರು ಮೊಲಗಳಂತೆ ಹೆರುತ್ತಾರೆಂದು ಆತ ಆಡಿದ ಮಾತನ್ನು ದಾಖಲಿಸಿದವರು ನಮ್ಮ ಕಾಂಗ್ರೆಸ್ಸಿಗರಲ್ಲ, ಆತನದೇ ಪಕ್ಷದ ಆಮರಿ. 2019ರಲ್ಲಿ ಗಾಂಧಿನಗರದ ಐಐಟಿಯ ಸಂಶೋಧಕರು ಹಳೆಯ ಕ್ಷಾಮಗಳ ಕಾಲದ ಮಣ್ಣಿನ ತೇವಾಂಶವನ್ನು ಲೆಕ್ಕ ಹಾಕಿ, ಬಂಗಾಳದ ಈ ಕ್ಷಾಮಕ್ಕೆ ಬರಗಾಲ ಕಾರಣವಲ್ಲ, ನೀತಿಯ ವೈಫಲ್ಯ ಕಾರಣವೆಂದು ತೋರಿಸಿದರು.

“ಹಿಟ್ಲರನಿಂದ ಜಗತ್ತನ್ನು ಉಳಿಸಿದ್ದು ಆತನಲ್ಲವೇ ಸರ್?” ಎಂದು ನಿಮ್ಮಲ್ಲಿ ಕೆಲವರು ಕೇಳುವುದು ನನಗೆ ಇಲ್ಲಿಗೇ ಕೇಳಿಸುತ್ತಿದೆ. 1940ರಲ್ಲಿ ಆತ ಎದೆಗೊಟ್ಟು ನಿಂತದ್ದು ನಿಜ; ಆ ಋಣವನ್ನು ಇಲ್ಲವೆನ್ನುವವನು ಕೃತಘ್ನ. ಆದರೆ ಅದೇ ಯುದ್ಧಕ್ಕೆ ಇಪ್ಪತ್ತೈದು ಲಕ್ಷ ಭಾರತೀಯ ಸೈನಿಕರು ಹೆಗಲು ಕೊಟ್ಟಿದ್ದರು. ಜನರಿಗೆ ತಮ್ಮ ಸರಕಾರವನ್ನು ತಾವೇ ಆರಿಸಿಕೊಳ್ಳುವ ಹಕ್ಕಿದೆಯೆಂದು 1941ರಲ್ಲಿ ಸಾರಿದ ಅಟ್ಲಾಂಟಿಕ್ ಸನ್ನದಿಗೆ ರೂಸ್‌ವೆಲ್ಟರೊಡನೆ ಒಪ್ಪಿಗೆಯಿತ್ತ ಚರ್ಚಿಲ್, ತಿಂಗಳೊಳಗೆ ಅದು ಭಾರತಕ್ಕೆ ಅನ್ವಯಿಸದೆಂದ. ಹಾಗಾದರೆ ಯಾರ ಸ್ವಾತಂತ್ರ್ಯಕ್ಕಾಗಿ ಆ ಯುದ್ಧ? 1944ರ ಏಪ್ರಿಲಿನಲ್ಲಿ ಹಡಗುಗಳಿಗಾಗಿ ರೂಸ್‌ವೆಲ್ಟರಿಗೆ ಆತ ಬರೆದದ್ದೂ ನಿಜ, ಅದೂ ಫಲಿಸಲಿಲ್ಲ. ಆ ಹೊತ್ತಿಗೆ ಲಕ್ಷೋಪಲಕ್ಷ ಚಿತೆಗಳು ಆರಿದ್ದವು. ಕ್ಷಾಮದ ಹೊಣೆಯೆಲ್ಲ ಆತನೊಬ್ಬನದೆಂದು ನಾನು ಹೇಳುವುದಿಲ್ಲ. ಆದರೆ ಕೊಡುವ ಕೈ ಆತನದಾಗಿತ್ತು, ಕೊಡಬೇಕೆಂಬ ಮನಸ್ಸಿರಲಿಲ್ಲ.

ಯುದ್ಧದ ಬಳಿಕ ಆತನೇ ಆರು ಸಂಪುಟಗಳ ಇತಿಹಾಸ ಬರೆದ, 1953ರಲ್ಲಿ ಸಾಹಿತ್ಯಕ್ಕೆ ನೊಬೆಲ್ ಪಡೆದ. ಹಿಂದೂಸ್ಥಾನದ ಜನರಷ್ಟು ಚೆನ್ನಾಗಿ ಯುದ್ಧದ ಸಂಕಟಗಳಿಂದ ರಕ್ಷಣೆ ಪಡೆದವರು ಇನ್ನಿಲ್ಲವೆಂಬ ಅರ್ಥದ ಮಾತು ಆ ಸಂಪುಟಗಳಲ್ಲಿದೆ! 2002ರಲ್ಲಿ ಬಿಬಿಸಿಯ ಪ್ರೇಕ್ಷಕರು ಆತನನ್ನು ಸರ್ವಶ್ರೇಷ್ಠ ಬ್ರಿಟನ್ನಿಗನೆಂದು ಆರಿಸಿದರು, 2017ರಲ್ಲಿ ಸಿನೆಮಾ ಬಂದಿತು. ಇಂಗ್ಲೆಂಡಿನವರು ತಮ್ಮ ವೀರನನ್ನು ಮೆರೆಸಲಿ, ಅದು ಅವರ ಮನೆಯ ವಿಚಾರ. ನಾವೇಕೆ ಆ ಪಲ್ಲಕ್ಕಿಗೆ ಹೆಗಲು ಕೊಡಬೇಕು?

ವಿಗ್ರಹ ಒಡೆಯಿರಿ ಎಂದು ನಾನು ಹೇಳುತ್ತಿಲ್ಲ, ಕ್ಲಬ್ಬಿನ ಪುಸ್ತಕವನ್ನು ಹರಿಯಿರಿ ಎಂದೂ ಹೇಳುತ್ತಿಲ್ಲ. ಲಂಡನ್ನಿನ ಪಾರ್ಲಿಮೆಂಟ್ ಚೌಕದಲ್ಲಿ ಚರ್ಚಿಲ್ಲನ ಪ್ರತಿಮೆಯಿದೆ. 2015ರಿಂದ ಅದೇ ಚೌಕದಲ್ಲಿ ಆ ಅರೆಬೆತ್ತಲೆ ಫಕೀರನೂ ನಿಂತಿದ್ದಾನೆ. ಇಬ್ಬರನ್ನೂ ನೋಡಿದವನಿಗೆ ಮಾತ್ರ ಪೂರ್ತಿ ಕಥೆ ತಿಳಿಯುತ್ತದೆ. ಲೆಕ್ಕದ ಪುಸ್ತಕಕ್ಕೂ ಎರಡು ಬದಿಗಳಿರಬೇಕು. ನಾನು ನಿಮಗೆ ಕಲಿಸಿದ್ದು ಒಂದೇ ಬದಿ.

ನಿಮ್ಮಲ್ಲಿ ಹಲವರು ಈಗ ತಂದೆತಾಯಿಯರಾಗಿದ್ದೀರಿ, ಕೆಲವರು ಅಧ್ಯಾಪಕರೇ ಆಗಿದ್ದೀರಿ. ಮಕ್ಕಳಿಗೆ ಹದಿಮೂರು ರೂಪಾಯಿಯ ಕಥೆ ಹೇಳುವುದಾದರೆ ಅದೇ ಉಸಿರಿನಲ್ಲಿ 1943ರ ಕಥೆಯನ್ನೂ ಹೇಳಿ. ಪರೀಕ್ಷೆಯಲ್ಲಿ ಸೋತ ಮಗುವಿಗೆ ಧೈರ್ಯ ತುಂಬಲು ಡ್ಯೂಕನ ಮೊಮ್ಮಗ ಬೇಕಾಗಿಲ್ಲ; ಮುಂಬಯಿಯಲ್ಲಿ ಲೋಟ ತೊಳೆದು ತಂಗಿಯರ ಮದುವೆ ಮಾಡಿಸಿದ ನಮ್ಮ ಹುಡುಗನ ಕಥೆ ಸಾಕು. ಅವನು ಇದನ್ನು ಓದುವನೋ ಇಲ್ಲವೋ ತಿಳಿಯದು. ಓದಿದರೆ, ಅಂದು ಗದರಿ ಕೂರಿಸಿದ್ದಕ್ಕೆ ಈ ಮುದಿ ಮಾಷ್ಟ್ರನ್ನು ಕ್ಷಮಿಸಲಿ.